ನಮ್ಮ ಹಿತ್ತಲಿನ ಹದಿನೆಂಟು ಮೀಟರ್ ರೈಲು ಮಾರ್ಗ

ಕೆಲವರ ಮನೆಗೆ ಹಾವು ಬರುತ್ತದೆ, ಕೆಲವರ ಮನೆಗೆ ಮಂಗ ಬರುತ್ತದೆ. ನನ್ನ ಮನೆಗೆ ಬರುವುದು ಸಲಹೆ. ಹಿತ್ತಲಲ್ಲಿ ಕೂತು, ಕಲ್ಲಿದ್ದಲು ಉರಿಸಿ ನೀರು ಕಾಯಿಸಿ ಖರೇ ಹಬೆಯಿಂದಲೇ ಓಡುವ ಮೊಣಕಾಲೆತ್ತರದ ರೈಲು ಎಂಜಿನ್ ಕಟ್ಟುವವನಿಗೆ ಇದು ತಪ್ಪಿದ್ದಲ್ಲ. ಬ್ಯಾಟರಿ ಹಾಕಬಾರದಾ ಎನ್ನುತ್ತಾರೆ. ಚೀನಾದ್ದು ರೆಡಿಮೇಡ್ ಸಿಗುತ್ತದಲ್ಲ ಎನ್ನುತ್ತಾರೆ. ಡಾಕ್ಟರಿಗೆ ತೋರಿಸಿದ್ದೀರಾ ಎಂದು ಬಾಯಿಬಿಟ್ಟು ಕೇಳಿದವರು ಇಬ್ಬರೇ. ಇಬ್ಬರೂ ನನ್ನ ಹೆಂಡತಿಯ ಕಡೆಯವರು.

ನಾನು ಗೋವಾದ ಕುಡಚಡೆಯಲ್ಲಿ ಅದಿರು ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು. ಬಂದ ಬಿಡಿಭಾಗ ಅಳೆಯುವುದು. ಸರಿಯಿದ್ದರೆ ಪಾಸು, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ವಾಪಸು. ಮೂವತ್ತು ವರ್ಷ ಇದನ್ನೇ ಮಾಡಿದೆ. ಆಮೇಲೆ ಗಣಿ ನಿಂತಿತು, ಕಂಪನಿ ಮುಚ್ಚಿತು. ನಾನು ಪಾಸು ಮಾಡಿದ್ದು, ಕೆಂಪು ಬಳಿದದ್ದು, ಎರಡೂ ಒಂದೇ ಲಾರಿಯಲ್ಲಿ ಒಂದೇ ದರಕ್ಕೆ ಗುಜರಿಗೆ ಹೋದವು. ಅದನ್ನು ಗೇಟಿನಲ್ಲಿ ನಿಂತು ಕಣ್ಣಾರೆ ನೋಡಿದೆ. ಜಗತ್ತಿನಲ್ಲಿ ಒಂದೇ ಒಂದು ವಸ್ತುವಾದರೂ ಅಳತೆಗೆ ಸರಿಯಾಗಿರಲಿ ಎಂದು ಮರುವಾರವೇ ಈ ಎಂಜಿನ್ ಶುರುಮಾಡಿದೆ.

ಸ್ಟೇಷನ್ ರಸ್ತೆಯಲ್ಲಿ ಕಬ್ಬಿಣ ಕಡೆಯುವ ಲೇಥ್ ಇಟ್ಟುಕೊಂಡಿದ್ದ ಮಿಸ್ತ್ರಿ ಇಲ್ಲದಿದ್ದರೆ ಅದು ಕಾಗದದ ಮೇಲೇ ಉಳಿಯುತ್ತಿತ್ತು. ವಿಜಯಪುರ ಕಡೆಯ ಮನುಷ್ಯ. ಹೆಂಡತಿ ಊರಲ್ಲಿ, ಆತ ಇಲ್ಲಿ. ಅದಿರಿನ ಲಾರಿಗಳ ಕೆಲಸ ಮಾಡುತ್ತ ತಲೆ ನರೆಯಿತು; ಲಾರಿ ನಿಂತ ಮೇಲೆ ಲೇಥಿಗೆ ಪುರುಸೊತ್ತು ಸಿಕ್ಕಿತು. ಎಂಟು ವರ್ಷ ನನ್ನ ಎಂಜಿನ್ನಿನ ಗಾಲಿ, ಸಿಲಿಂಡರು, ಪಿಸ್ಟನ್ನು ಎಲ್ಲ ತಿರುವಿಕೊಟ್ಟವ ಆತನೇ. ಆತನಿಗೆ ಬೇಕಿದ್ದುದು ಒಂದೇ.

“ಸಾಹೇಬ್ರ, ಇಷ್ಟ ವರ್ಷ ಮಂದಿ ಗಾಲಿ ತಿರುವಿ ಕೊಟ್ಟೇನ್ರಿ. ನಾ ತಿರುವಿದ ಗಾಲಿ ಮ್ಯಾಲೆ ನಾ ಒಮ್ಮೆರ ಕುಂತು ಹೋಗ್ಬೇಕ್ರಿ.”

“ಎಂಜಿನ್ ಪಾಸಾದ ದಿನ ಮೊದಲು ಕೂಡೋವ್ರು ನೀವ,” ಎಂದು ಮಾತು ಕೊಟ್ಟೆ. ಪಾಸು ಮಾಡಬೇಕಾದವನು ನಾನೇ ಎಂಬುದು ಪಾಪ, ಆತನಿಗೆ ಆಗ ಹೊಳೆಯಲಿಲ್ಲ.

ಒಂದು ಕಿಲೋ ಉಳ್ಳಾಗಡ್ಡಿ

ಬೇಕಾಗಿದ್ದುದು ಆರು ಗಾಲಿ. ಮಿಸ್ತ್ರಿ ತಿರುವಿದ್ದು ಹತ್ತೊಂಬತ್ತು. ಒಂದೊಂದು ಬಂದಾಗಲೂ ನಾನು ಕನ್ನಡಕ ಹಾಕಿ, ಮೈಕ್ರೋಮೀಟರ್ ಹಿಡಿದು, ಉಸಿರು ಬಿಗಿಹಿಡಿದು ಅಳೆಯುತ್ತಿದ್ದೆ.

“ಮಿಸ್ತ್ರಿ, ಇದು ಅರ್ಧ ಕೂದಲೆಳಿ ವಾಲೇದ.”

“ಯಾರ ಕೂದಲಾ ರೀ?” ಎಂದು ಆತ ನನ್ನ ತಲೆ ನೋಡುತ್ತಿದ್ದ. ಅಲ್ಲಿ ಅಳತೆಗೆ ಅಂಥದ್ದೇನೂ ಉಳಿದಿರಲಿಲ್ಲ.

ವಾಲುತ್ತದೆ ಎಂದರೆ ಇನ್ನೊಂದು ಸುತ್ತು ಕೆರೆದು ತರುತ್ತಿದ್ದ. ಮತ್ತೆ ವಾಲುತ್ತಿತ್ತು. ಮತ್ತೆ ಕೆರೆಯುತ್ತಿದ್ದ. ಕೊನೆಗೆ ಗಾಲಿ ಸರಿಯಾಗುವಷ್ಟರಲ್ಲಿ ಸಣ್ಣದಾಗಿರುತ್ತಿತ್ತು. ನಾನು ಕೆಂಪು ಬಳಿಯುತ್ತಿದ್ದೆ. “ಹತ್ತು ಟನ್ ಅದಿರು ಹೊರೋ ಲಾರಿ ಗಾಲಿ ಇಷ್ಟ ಅಳತಿ ಕೇಳಿಲ್ರಿ,” ಎಂದು ಆತ ಗೊಣಗಿದರೆ, “ಅದಕ್ಕs ಆ ಲಾರಿಗಳು ಗಟಾರದಾಗ ಬೀಳತಿದ್ವು,” ಎನ್ನುತ್ತಿದ್ದೆ.

ಒಂದು ದಿನ ಸಂತೆಯಲ್ಲಿ ಗದಗ ಕಡೆಯ ತರಕಾರಿಯಾಕೆಯ ಹತ್ತಿರ ಉಳ್ಳಾಗಡ್ಡಿ ಕೇಳಿದೆ. ಆಕೆ ತಕ್ಕಡಿಯ ಒಂದು ತಟ್ಟೆಗೆ ಕೆಂಪು ಬಣ್ಣದ ಗುಂಡನೆಯ ಕಬ್ಬಿಣ ಇಟ್ಟಳು. ನನ್ನ ಕೆಂಪು. ನನ್ನ ಗಾಲಿ.

“ಇದೇನಬೇ?”

“ಕಿಲೋದ ಕಲ್ಲ್ರಿ. ಲೇಥಿನ ಮಿಸ್ತ್ರಿ ಕೊಟ್ಟಾನ. ಬರೋಬ್ಬರಿ ಒಂದ ಕಿಲೋ ಐತಂತ.”

ಪಾಸಾದ ಗಾಲಿ ಬರೋಬ್ಬರಿ ಒಂದು ಕಿಲೋ ನಿಜ. ಆದರೆ ಇದು ವಾಪಸಾದದ್ದು. ಮನೆಗೆ ಹೋಗಿ ತೂಗಿದೆ. ಉಳ್ಳಾಗಡ್ಡಿ ನಲವತ್ತು ಗ್ರಾಂ ಕಡಿಮೆ. ವಾಲುತ್ತದೆ, ವಾಲುತ್ತದೆ ಎಂದು ಆ ನಲವತ್ತು ಗ್ರಾಂ ಕಬ್ಬಿಣ ಕೆರೆಸಿದವನು ನಾನೇ. ನನ್ನ ಶಿಸ್ತಿನಿಂದ ಊರಿಗೆ ಮೋಸ ಆಗುತ್ತಿದೆ ಎಂದರೆ ನನಗೆ ನಿದ್ದೆ ಹತ್ತುತ್ತದೆಯೆ? ಮರುದಿನವೇ ಸರಕಾರಿ ಮುದ್ರೆಯಿರುವ ಹೊಸ ಕಿಲೋ ಕಲ್ಲು ಒಯ್ದು ಆಕೆಯ ಕೈಗೆ ಕೊಟ್ಟೆ. ಆಕೆ ಎರಡು ಕೈಯಿಂದ ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು.

ಮುಂದಿನ ಸಂತೆಗೆ ಹೋದೆ. ತಕ್ಕಡಿಯಲ್ಲಿ ಮತ್ತೆ ಗಾಲಿ.

“ನಾ ಕೊಟ್ಟ ಕಲ್ಲು ಎಲ್ಲಿ?”

“ಐತ್ರಿ, ಜ್ವಾಕಿ ಇಟ್ಟೇನಿ. ಮಾಲು ಕೊಳ್ಳೂಮುಂದ ನಿಮ್ಮ ಕಲ್ಲು, ಮಾರೂಮುಂದ ಮಿಸ್ತ್ರಿ ಕಲ್ಲು. ಇಬ್ಬರೂ ಪುಣ್ಯಾತ್ಮರು ನೋಡ್ರಿ.”

ಎಲ್ಲಿಂದ ಎಲ್ಲಿಗೆ

ಎಂಜಿನ್ನಿನ ಹೊಟ್ಟೆಯೆಂದರೆ ಬಾಯ್ಲರು, ತಾಮ್ರದ್ದು. ಅದು ಒಡೆದರೆ ಹತ್ತಿರ ಕೂತವನ ಗತಿ ನೆಟ್ಟಗಾಗುವುದಿಲ್ಲ. ಕಟ್ಟಿದವನೇ ಪರೀಕ್ಷೆ ಮಾಡಿ ತಾನೇ ಪಾಸು ಎಂದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಕಳ್ಳನೇ ಪಂಚನಾಮೆ ಬರೆದಂತೆ. ಆದ್ದರಿಂದ ಒಂದು ಸರಕಾರಿ ಕಚೇರಿಗೆ ಹೋದೆ. ಮಿಸ್ತ್ರಿ, “ಬ್ಯಾಡ್ರಿ ಸಾಹೇಬ್ರ, ಕಾಗದ ಬಂದ್ರ ಗಾಡಿ ನಿಲ್ತೈತಿ,” ಎಂದಿದ್ದ. ಕೇಳಲಿಲ್ಲ.

ಅಧಿಕಾರಿ ಸಭ್ಯರು. ನಕ್ಷೆ ನೋಡಿದರು. “ಎಷ್ಟು ಲೀಟರು?”

“ನಾಲ್ಕು.”

“ನಮ್ಮ ಕಾಯಿದೆ ಇದಕ್ಕಿಂತ ಭಾಳ ದೊಡ್ಡದರಿಂದ ಶುರುವಾಗುತ್ತದೆ. ನಿಮಗೆ ಪರವಾನಗಿ ಬೇಕಾಗಿಲ್ಲ.”

“ಬೇಕಾಗಿಲ್ಲ ಅಂತ ಬರೆದುಕೊಡಿ.”

“ಪರವಾನಗಿ ಬೇಡದವರಿಗೆಲ್ಲ ಬೇಡ ಅಂತ ಬರೆದುಕೊಡುತ್ತ ಕೂತರೆ, ಅರ್ಧ ಗೋವಾ ಇಲ್ಲಿ ಸಾಲು ನಿಲ್ಲುತ್ತದೆ.”

ಬಿಡಲಿಲ್ಲ. ಕೊನೆಗೆ ಅವರು ಯಾವುದೋ ನಮೂನೆ ಹುಡುಕಿ ಕೊಟ್ಟರು. ಗುಮಾಸ್ತ ತುಂಬಲು ಕೂತ.

“ರೈಲು ಎಲ್ಲಿಂದ?”

“ಹಲಸಿನ ಮರದಿಂದ.”

“ಎಲ್ಲಿಗೆ?”

“ಬಾವಿಗೆ.”

ಆತ ಪೆನ್ನು ಎತ್ತಿ ನನ್ನ ಮುಖ ನೋಡಿದ. “ನಡುವೆ ನಿಲ್ದಾಣ?” ಎಂದ. ಕುಹಕವೋ ನಮೂನೆಯಲ್ಲಿ ಕಲಂ ಇತ್ತೋ ಇವತ್ತಿಗೂ ತಿಳಿದಿಲ್ಲ. ಇಲ್ಲ ಎಂದು ಬರೆಸಿದೆ.

ಎರಡು ತಿಂಗಳ ಮೇಲೆ ಪತ್ರ ಬಂತು: ರೈಲು ಮಾರ್ಗ ಹಾದುಹೋಗುವ ಜಮೀನಿನ ಮಾಲೀಕರ ಒಪ್ಪಿಗೆ ಪತ್ರ ಲಗತ್ತಿಸಿಲ್ಲವಾದ್ದರಿಂದ ಅರ್ಜಿ ಅಪೂರ್ಣ. ಮನೆ ನನ್ನ ಹೆಂಡತಿಯ ಹೆಸರಿನಲ್ಲಿದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಮೊದಲ ಸಲ ಆಕೆಯ ಎದುರು ಬಿಳಿ ಹಾಳೆ ಇಟ್ಟು, ಒಪ್ಪಿಗೆ ಬರೆದುಕೊಡು ಎಂದು ನಿಂತೆ. ಆಕೆ ಒಳಗೆ ಹೋಗಿ, ಒಂದು ತಾಸು ಕೂತು ಬರೆದಳು. ರೈಲಿನ ಬಗ್ಗೆ ಒಂದು ಸಾಲು. ಮಿಕ್ಕ ಎರಡು ಪುಟ ಶರತ್ತು: ಬಟ್ಟೆ ಒಣಹಾಕುವ ಹಗ್ಗ ಮುಟ್ಟಕೂಡದು; ಕರಿಬೇವಿನ ಗಿಡ ಕಡಿಯಕೂಡದು; ಎಣ್ಣೆ ಕೈಯಲ್ಲಿ ದೇವರ ಮನೆ ಬಾಗಿಲು ಹಿಡಿಯಕೂಡದು; ತನ್ನ ಅಣ್ಣ ಬಂದಾಗ ಊಟದ ಹೊತ್ತಿನಲ್ಲಿ ಪಿಸ್ಟನ್ನಿನ ಮಾತು ತೆಗೆಯಕೂಡದು.

ಮಿಸ್ತ್ರಿ ಓದಿಸಿಕೊಂಡು ಕೇಳಿ ತಲೆದೂಗಿದ. “ಸರಕಾರದ ಕಾಯಿದೆ ಇದಕ್ಕಿಂತ ಹಗೂರ ಇತ್ತಲ್ರಿ ಸಾಹೇಬ್ರ.”

ಒಂದು ಚೀಲ ಕಲ್ಲಿದ್ದಲು

ಒಪ್ಪಿಗೆ ಲಗತ್ತಿಸಿ ಕಳಿಸಿದ ಅರ್ಜಿಗೆ ಉತ್ತರ ಬರಲೇ ಇಲ್ಲ. ಸರಕಾರ ಬರೆದುಕೊಡದಿದ್ದರೆ ನಾನೇ ಬರೆದುಕೊಳ್ಳುವುದು, ಆದರೆ ಸರಕಾರಕ್ಕಿಂತ ಕಟುವಾಗಿ ಎಂದು ಗಟ್ಟಿಮಾಡಿದೆ. ಮೊದಲು ತಣ್ಣೀರು ತುಂಬಿ, ಪಂಪಿನಿಂದ ಒತ್ತಿ, ದುಪ್ಪಟ್ಟು ಒತ್ತಡದಲ್ಲಿ ಅರ್ಧ ತಾಸು. ಎರಡು ಸಲ ಒಂದೊಂದು ಹನಿ ಜಿನುಗಿತು. ಎರಡು ಸಲವೂ ಫೇಲು ಮಾಡಿದೆ. “ಒಂದ ಹನಿ ರೀ!” ಎಂದ ಮಿಸ್ತ್ರಿ. ಒಂದು ಹನಿ ಎಂದರೂ ಸೋರಿಕೆಯೇ. ಮೂರನೆಯ ಸಲ ಪಾಸಾಯಿತು. ಇನ್ನು ಬೆಂಕಿ ಹಾಕಿ ಪರೀಕ್ಷೆ. ಅದಕ್ಕೆ ಕಲ್ಲಿದ್ದಲು.

ನಮ್ಮ ಮನೆಯೆದುರೇ ರೈಲು ಹಳಿ. ಬಂದರಿನಿಂದ ಘಟ್ಟದ ಮೇಲಕ್ಕೆ ದಿನಕ್ಕೆ ಎಷ್ಟೋ ಗಾಡಿ ಕಲ್ಲಿದ್ದಲು ಹೋಗುತ್ತದೆ. “ಹಳಿ ಬಾಜೂ ಬಿದ್ದಿರತೈತಿ, ಎರಡ ಬುಟ್ಟಿ ಆರಿಸ್ಕೊಂಡ ಬರ್ತೇನಿ,” ಎಂದ ಮಿಸ್ತ್ರಿ. ಅದು ಇನ್ನೊಬ್ಬರ ಸ್ವತ್ತು, ಮುಟ್ಟಬೇಡಿ ಎಂದೆ. ಬೆಳಗಾವಿಯಿಂದ ರಸೀದಿ ಸಮೇತ ಒಂದು ಚೀಲ ತರಿಸಿದೆ.

ಚೀಲ ಇಳಿದು ಅರ್ಧ ತಾಸಾಗಿಲ್ಲ, ಗೇಟಿನಲ್ಲಿ ಗದ್ದಲ. ಪಕ್ಕದ ಮನೆಯ ನಿವೃತ್ತ ಟೀಚರು, ಅವರ ಹಿಂದೆ ಐದು ಜನ ಹೆಂಗಸರು. ಕೈಯಲ್ಲಿ ‘ನಮಗೆ ಕಲ್ಲಿದ್ದಲು ಬೇಡ’ ಎಂಬ ಫಲಕ.

“ಬಾಬ್, ನೀವೂ ಹೀಗಾ?” ಎಂದರು ಕೊಂಕಣಿಯಲ್ಲಿ, ಸತ್ತವರ ಮನೆಗೆ ಬಂದ ದನಿಯಲ್ಲಿ. “ಊರು ಪೂರ್ತಿ ಧೂಳು ತಿಂದು ಕೆಮ್ಮುತ್ತಿದೆ. ನಾವು ಸಭೆ ಮೇಲೆ ಸಭೆ ಮಾಡುತ್ತಿದ್ದೇವೆ. ಅರ್ಜಿಗೆ ಮೊದಲ ಸಹಿ ನಿಮ್ಮದು!”

ಸಹಿ ನನ್ನದೇ. ಧೂಳಿನ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. “ಟೀಚರ್, ಇದು ಒಂದು ಚೀಲ. ಒಂದು ಸಲಕ್ಕೆ ಬೇಕಾಗುವುದು ಎರಡು ಬೊಗಸೆ,” ಎಂದೆ.

“ತತ್ವ ಅಂದರೆ ತತ್ವ. ನೀವೇ ಹೇಳುತ್ತೀರಲ್ಲ.”

ಅದೇ ಹೊತ್ತಿಗೆ ಅವರ ಬೆನ್ನ ಹಿಂದೆ ಕಲ್ಲಿದ್ದಲಿನ ಗಾಡಿ ಬಂತು. ಡಬ್ಬಿ ಮೇಲೆ ಡಬ್ಬಿ, ಮುಗಿಯುವುದೇ ಇಲ್ಲ. ಐದು ನಿಮಿಷ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಆರೂ ಜನ ನನ್ನ ಕಡೆಗೇ ಮುಖಮಾಡಿ, ನನ್ನ ಚೀಲಕ್ಕೇ ಫಲಕ ಹಿಡಿದು ನಿಂತಿದ್ದರು. ಗಾಡಿ ದಾಟಿದ ಮೇಲೆ ಕೇಳಿದೆ: “ಈಗ ಹೋಯಿತಲ್ಲ, ಅದಕ್ಕೆ ಯಾಕೆ ತೋರಿಸಲಿಲ್ಲ?”

ಟೀಚರು ಕನ್ನಡಕ ಒರೆಸಿಕೊಂಡರು. “ಅದು ನಿಲ್ಲುವುದಿಲ್ಲ ಬಾಬ್. ನೀವು ಮನೆಯಲ್ಲಿ ಸಿಗುತ್ತೀರಿ.”

ಮೂರು ಸೀಟಿ

ಹೀಗಿರುವಾಗ ಒಂದು ಶುಕ್ರವಾರ ನಮಾಜು ಮುಗಿಸಿ ಮಿಸ್ತ್ರಿ ಬಂದ. ಎಂದಿನಂತೆ “ಇವತ್ತ ಪಾಸ್ ಏನ್ರಿ?” ಎನ್ನಲಿಲ್ಲ. ಕಟ್ಟೆಯ ಮೇಲೆ ಕೂತ.

“ಸಾಹೇಬ್ರ, ಅಂಗಡಿ ಬಿಟ್ಟೇನ್ರಿ. ಮಾಲಕ ಮೊಬೈಲ್ ಅಂಗಡಿಗೆ ಕೊಟ್ಟ. ಲೇಥ್ ನಿನ್ನೆ ಹೋತು. ಮಂಗಳವಾರ ಹುಬ್ಬಳ್ಳಿ ಗಾಡಿಗೆ ನಾನೂ ಹೊಂಟೇನಿ. ಇನ್ನ ಬರಾಂಗಿಲ್ಲ.”

ಲೇಥ್ ಹೋದ ದರ ಕೇಳುವ ಧೈರ್ಯ ನನಗಾಗಲಿಲ್ಲ. ಗುಜರಿ ಲಾರಿ ನಾನೂ ನೋಡಿದವನು. “ಇವತ್ತs ಬೆಂಕಿ ಹಾಕ್ತೇನಿ, ಕೂಡ್ರಿ,” ಎಂದೆ. ಟೀಚರನ್ನು ಕಾಡಿ ಬೇಡಿ ಒಂದು ಚೀಲಕ್ಕೆ ಮಾತ್ರ ಒಪ್ಪಿಸಿಯಾಗಿತ್ತು.

ಪರೀಕ್ಷೆ ಸರಳ. ಒತ್ತಡ ಹದ ಮೀರಿದರೆ ಸುರಕ್ಷಾ ವಾಲ್ವು ತಾನಾಗಿ ತೆರೆದು, ಸುಯ್ಯೆಂದು ಹಬೆ ಬಿಟ್ಟು, ತಾನಾಗಿ ಮುಚ್ಚಿಕೊಳ್ಳಬೇಕು. ತುಂಬಿದ ಬೆಂಕಿಯಲ್ಲಿ ಸತತ ಅರ್ಧ ತಾಸು ಹೀಗೆ ನಡೆದರೆ ಪಾಸು. ನಡುವೆ ಬೆಂಕಿ ಆರಿದರೆ ಮೊದಲಿನಿಂದ. ಇಪ್ಪತ್ತು ನಿಮಿಷ ಅಚ್ಚುಕಟ್ಟಾಗಿ ನಡೆಯಿತು. ಅಷ್ಟರಲ್ಲಿ ನೀರು ತುಂಬುವ ಕ್ಯಾನು ಬರಿದಾಯಿತು. ಮಿಸ್ತ್ರಿ ಕೈಕಾಲು ತೊಳೆಯಲು ಹೋಗಿದ್ದ. ಹೆಂಡತಿಯನ್ನು ಕರೆದು, “ಈ ಒತ್ತಡದ ಮುಳ್ಳು ನೋಡ್ಕೋತ ನಿಲ್ಲು, ಕೆಂಪು ಗೆರಿ ದಾಟಿದ್ರ ಒದರು,” ಎಂದು ಹೇಳಿ ಬಾವಿಗೆ ಹೋದೆ.

ಬಂದು ನೋಡಿದರೆ ಬೆಂಕಿಯಿಲ್ಲ. ಕೆಂಡವೆಲ್ಲ ನೆಲದ ಮೇಲೆ. ಅಡುಗೆಮನೆಯ ಇಕ್ಕಳ ಹಿಡಿದು ಆಕೆ ಒಂದು ಚೊಂಬು ನೀರು ಹಾಕುತ್ತಿದ್ದಳು.

“ಏನ ಮಾಡಿದಿ!”

“ಮೂರ ಸೀಟಿ ಆತು, ಇಳಿಸಿದೆ.”

“ಅದು ಕುಕ್ಕರಲ್ಲ!”

“ಮತ್ತ ಸೀಟಿ ಯಾಕ ಹೊಡೀತು? ಮೂರ ಆದ ಮ್ಯಾಲೂ ಬಿಟ್ರ ತಳ ಹತ್ತೂದಿಲ್ಲೇನು?”

“ಒಳಗ ಬರೇ ನೀರೈತಿ!”

“ಎಂಟ ವರ್ಷದಿಂದ ಆ ಡಬ್ಬಿಯೊಳಗ ಏನ ಕುದಿಯಾಕ ಇಟ್ಟೀರಿ ಅಂತ ನನಗ ಹೇಳೀರೇನು?”

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದು ನಿಂತ. ಇಪ್ಪತ್ತು ನಿಮಿಷ ಸರಿಯಾಗಿ ನಡೆದದ್ದನ್ನು ಆತನೇ ನೋಡಿದ್ದ. ಪಾಸು ಎಂದುಬಿಡಬಹುದಿತ್ತು, ಆತನ ಮುಖದಲ್ಲಿ ಬೇರೆ ಪ್ರಶ್ನೆಯೇ ಇರಲಿಲ್ಲ. ನಾನು ಗಡಿಯಾರ ನೋಡಿ, ಪುಸ್ತಕದಲ್ಲಿ ‘ಫೇಲು’ ಎಂದು ಬರೆದೆ.

ಆತ ಚಪ್ಪಲಿ ಮೆಟ್ಟಿಕೊಂಡ. ನನ್ನ ಕಡೆ ನೋಡಲಿಲ್ಲ, ನನ್ನ ಹೆಂಡತಿಗೆ ಮಾತ್ರ ಹೇಳಿದ: “ನಿಮ್ಮದೇನ ತಪ್ಪಿಲ್ಲ ಬಿಡ್ರಿ ಅಕ್ಕಾರ. ಬ್ಯಾಳಿ ಆಗಿದ್ರ ಇಷ್ಟೊತ್ತಿಗೆ ಉಂಡ ಎದ್ದಿರತಿದ್ವಿ.”

ಕಾಟಾ

ಶನಿವಾರ ಹೆಂಡತಿಯನ್ನು ಸಂತೆಗೆ ಕಳಿಸಿ, ಒಬ್ಬನೇ ಕೂತು, ಅರ್ಧ ತಾಸಿನ ಪರೀಕ್ಷೆ ಮುಗಿಸಿದೆ. ಪಾಸು. ಪುಸ್ತಕದಲ್ಲಿ ಆ ಶಬ್ದ ಬರೆದೆ. ಅಕ್ಷರ ಚೆನ್ನಾಗಿ ಬರಲಿಲ್ಲವೆಂದು ಹರಿದು ಮತ್ತೆ ಬರೆದೆ.

ಮಿಸ್ತ್ರಿಗೆ ಫೋನು ಹಚ್ಚಿ ತಿಳಿಸಿದೆ. ಭಾನುವಾರ ಬೆಳಿಗ್ಗೆ ಆತ ಬಂದ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಟೋಪಿ, ಅತ್ತರು. ಗಾಡಿ ನಡೆಸಿದರೆ ಮಸಿಯಾಗುತ್ತದೆ ಎಂದೆ. “ಆಗ್ಲಿ ಬಿಡ್ರಿ, ಊರಿಗೆ ಒಯ್ದು ತೋರಸಾಕ ಬೇಕಲ್ಲ,” ಎಂದ.

ನಮ್ಮ ಹಳಿ ನೆಲದ ಮೇಲಿಲ್ಲ. ಹಿತ್ತಲುದ್ದಕ್ಕೂ ಗೇಣೆತ್ತರದ ಗೂಟ ನೆಟ್ಟು, ಅವುಗಳ ಮೇಲೆ ಹಲಗೆ ಜೋಡಿಸಿ, ಹಲಗೆಯ ಮೇಲೆ ಹಳಿ. ಎಂಜಿನ್ನಿನ ಹಿಂದೆ ಒಂದು ತಳ್ಳುಬಂಡಿಯಂಥದ್ದು; ನಡೆಸುವವನೂ ಸವಾರನೂ ಅದರ ಮೇಲೆ. ಆ ಹಲಗೆ ಎಷ್ಟು ಭಾರ ಹೊರಬೇಕೆಂದು ಕಟ್ಟುವಾಗಲೇ ಲೆಕ್ಕ ಹಾಕಿ, ನಿಯಮ ಬರೆದು, ಹಲಸಿನ ಮರಕ್ಕೆ ಬೋರ್ಡು ಹೊಡೆದಿದ್ದೆ: ‘ಒಬ್ಬರ ತೂಕ ಎಪ್ಪತ್ತೈದು ಕಿಲೋ ಮೀರಕೂಡದು. ತೂಗಿಸಿಕೊಳ್ಳದೆ ಯಾರೂ ಏರಕೂಡದು.’ ಪಕ್ಕದಲ್ಲೇ ತೂಕದ ಕಾಟಾ.

ಮಿಸ್ತ್ರಿ ಏರಿ ನಿಂತ. ಐವತ್ತನಾಲ್ಕು. ಬೂಟು ಕಳಚಿದ ಹುಡುಗನ ಹಾಗೆ ಇಳಿದು, ಬಿಸ್ಮಿಲ್ಲಾ ಎಂದು ಎಂಜಿನ್ನಿನ ಬೆನ್ನು ಮುಟ್ಟಿ, ಬಂಡಿಯ ಮೇಲೆ ಕೂತ. ನಾನು ಹೇಳಿದಂತೆ ಹಿಡಿ ಎಳೆದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಚುಫ್ ಎಂದಿತು. ಇನ್ನೊಂದು ಸಲ ಚುಫ್. ಗಾಲಿ ತಿರುಗಿತು, ವಾಲಲಿಲ್ಲ. ಹಲಸಿನ ಮರದಿಂದ ಬಾವಿಗೆ, ಬಾವಿಯಿಂದ ಹಲಸಿನ ಮರಕ್ಕೆ. ಆತ ತುಟಿ ಬಿಗಿಹಿಡಿದು, ಹಿಂದೆ ಮುಂದೆ ನೋಡದೆ, ನೂರು ಡಬ್ಬಿ ಎಳೆಯುವವನ ಹಾಗೆ ಕೂತಿದ್ದ. ಮೂರನೆಯ ಸುತ್ತಿಗೆ ಕಣ್ಣಲ್ಲಿ ನೀರಿತ್ತು. ಹೊಗೆ ಎಂದ.

ಗೋಡೆಯಾಚೆಯಿಂದ ಟೀಚರು ಬಂದರು. ಒಂದೇ ಸುತ್ತು, ಅದೂ ಪರಿಶೀಲನೆಗೆ ಎಂದರು. ಅರವತ್ತೆರಡು, ಪಾಸು. ನಾಲ್ಕು ಸುತ್ತು ಪರಿಶೀಲಿಸಿದರು. ನನ್ನ ಹೆಂಡತಿ ಸೆರಗು ಸಿಕ್ಕಿಸಿ ಕಾಟಾ ಏರಿದಳು. ಆಕೆಯೂ ಪಾಸು.

“ಈಗ ನೀವು ಬರ್ರಿ ಸಾಹೇಬ್ರ,” ಎಂದ ಮಿಸ್ತ್ರಿ.

ಕಾಟಾ ಏರಿದೆ. ಮುಳ್ಳು ಎಂಬತ್ತೊಂದಕ್ಕೆ ಹೋಗಿ ನಿಂತಿತು. ಇಳಿದು, ಚಪ್ಪಲಿ, ಬೆಲ್ಟು, ಕಿಸೆಯಲ್ಲಿದ್ದ ಸ್ಪ್ಯಾನರು, ಕನ್ನಡಕ ಎಲ್ಲ ತೆಗೆದಿಟ್ಟು ಮತ್ತೆ ಏರಿದೆ. ಈಗ ಮುಳ್ಳೇ ಕಾಣಲಿಲ್ಲ. “ಎಂಬತ್ರಿ,” ಎಂದು ಹೆಂಡತಿ ಬಗ್ಗಿ ಓದಿದಳು. ನಿಯಮ ಬರೆದಾಗ ನಾನು ಎಪ್ಪತ್ತೊಂದಿದ್ದೆ. ನಿವೃತ್ತಿಯಲ್ಲಿ ಎಂಜಿನ್ ಜೊತೆ ನಾನೂ ಬೆಳೆದದ್ದನ್ನು ಯಾರೂ ಅಳೆದಿರಲಿಲ್ಲ.

ಯಾರೂ ನಗಲಿಲ್ಲ. ಅದು ಇನ್ನೂ ಕಷ್ಟ.

“ಬರ್ರಿ,” ಎಂದ ಮಿಸ್ತ್ರಿ ಮೆಲ್ಲಗೆ. “ಈ ಹಲಗಿ ಎಮ್ಮಿ ಕುಂತ್ರೂ ಮುರಿಯಾಂಗಿಲ್ಲ. ನಾ ಬೋರ್ಡ್ ನೋಡಿಲ್ಲ, ಅಕ್ಕಾರೂ ನೋಡಿಲ್ಲ. ಟೀಚರಬಾಯಿಗೆ ಕನ್ನಡ ಬರಾಂಗಿಲ್ಲ. ಒಂದ ಸುತ್ತ.”

ಹಲಗೆ ಮುರಿಯುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಎಂಟು ವರ್ಷ ಆ ಮನುಷ್ಯ ಒಂದು ಕೂದಲೆಳೆಗೆ ರಿಯಾಯಿತಿ ಕೇಳಿದಾಗ ನಾನು ಕೊಟ್ಟಿರಲಿಲ್ಲ. ಮಂಗಳವಾರ ಊರು ಬಿಡುವವನ ಕಣ್ಣೆದುರು ಐದು ಕಿಲೋ ರಿಯಾಯಿತಿ ನನಗೆ ನಾನೇ ಕೊಟ್ಟುಕೊಳ್ಳುವುದು ಹೇಗೆ? “ಬ್ಯಾಡ. ನೀವು ನಡಸ್ರಿ,” ಎಂದೆ. ದನಿ ಇದ್ದದ್ದಕ್ಕಿಂತ ಗಡುಸಾಗಿ ಬಂತು.

ಆದರೆ ಸುಮ್ಮನೆ ನಿಲ್ಲುವುದೂ ಅಭ್ಯಾಸವಿಲ್ಲ. ಅಡುಗೆಮನೆಯಿಂದ ಬಟ್ಟೆ ಒಗೆಯುವ ಕಲ್ಲಿಗೆ ಹೋಗುವ ದಾರಿ ಹಳಿಯನ್ನು ದಾಟುತ್ತದೆ. ಅಷ್ಟರಲ್ಲಿ ಓಣಿಯ ಹತ್ತಿಪ್ಪತ್ತು ಜನ ಸೇರಿ ಅಲ್ಲಿಂದಲೇ ನುಗ್ಗುತ್ತಿದ್ದರು. ಹೆಂಡತಿಯ ಹಗ್ಗ ಮುಟ್ಟುವಂತಿಲ್ಲವಾದ್ದರಿಂದ ಬಾವಿಯ ಹಗ್ಗ ಬಿಚ್ಚಿ ತಂದು, ರೈಲ್ವೆ ಗೇಟಿನಂತೆ ದಾರಿಗೆ ಅಡ್ಡ ಹಿಡಿದು ನಿಂತೆ. ಗಾಡಿ ಬಂದಾಗ ಹಗ್ಗ ಬಿಗಿ, ದಾಟಿದ ಮೇಲೆ ಸಡಿಲ. ಮತ್ತೆ ಬಿಗಿ, ಮತ್ತೆ ಸಡಿಲ. ಓಣಿಯವರೆಲ್ಲ ಒಬ್ಬೊಬ್ಬರಾಗಿ ತೂಗಿಸಿಕೊಂಡು, ಏರಿ, ನನ್ನೆದುರೇ ಕೈಬೀಸುತ್ತ ಹೋದರು.

ಹತ್ತೂವರೆಗೆ ನೀರು ಕುಡಿಸಲು ಎಂಜಿನ್ ನನ್ನ ಹತ್ತಿರವೇ ನಿಂತಿತು. ಮಿಸ್ತ್ರಿ ಬಂಡಿಯಿಂದ ಇಳಿಯದೆ, ಮಸಿ ಜುಬ್ಬಾದ ಕಿಸೆಯಿಂದ ಮೊಬೈಲ್ ತೆಗೆದು ಊರಲ್ಲಿದ್ದ ಹೆಂಡತಿಗೆ ಫೋನು ಹಚ್ಚಿದ.

“ಹೂಂ, ನಾನs ಡ್ರೈವರ್... ಖರೇನ... ಬಿಟ್ರು, ಬಿಟ್ರು, ಮುಂಜಾನಿಂದ ನಾನs ನಡಸಾಕತ್ತೇನಿ... ಸಾಹೇಬ್ರಾ? ಇಲ್ಲೇ ಅದಾರ. ಗೇಟ್ ಕಾಯಾಕತ್ತಾರ.”

ಆಚೆಯಿಂದ ಆಕೆ ಏನೋ ಮರುಗಿ ಕೇಳಿರಬೇಕು. ಮಿಸ್ತ್ರಿ ನನ್ನನ್ನೂ ನನ್ನ ಕೈಯ ಹಗ್ಗವನ್ನೂ ಒಮ್ಮೆ ಅಳೆದು ನೋಡಿ, ಆಕೆಗೆ ಸಮಾಧಾನ ಹೇಳಿದ:

“ಏ, ಇಲ್ಲ ಇಲ್ಲ. ದಿನಗೂಲಿ ಅಲ್ಲ, ಪರ್ಮನೆಂಟ್.”